ಇಂದಿನ ಗಾಳಿಯ ಸಾಲು

ಅತ್ತೆಯ ಮಾತಿಗೆ ಎದುರಾಡಿದ ಸೊಸೆಯರು ಲೋಕದಲ್ಲಿ ಬೇಕಾದಷ್ಟು ಜನ ಸಿಕ್ಕಾರು. ಅತ್ತೆಯ ಬಾಟಲಿಗಳಿಗೆ ಎದುರಾಡಿದವಳು ಮಾತ್ರ ಇವಳೊಬ್ಬಳೇ ಇರಬೇಕು. ಅದೂ ಅತ್ತೆಯ ಮೇಲೆ ಜೀವವನ್ನೇ ಇಟ್ಟುಕೊಂಡು.

ಬಾಟಲಿಗಳ ಸಂಗತಿ ಇಷ್ಟು. ಸಮುದ್ರದ ಮೇಲ್ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳಿರುತ್ತವೆ. ಗಾಳಿಯಿಂದ ನೀರಿಗೆ ಇಳಿದ ಕಾರ್ಬನ್ ಡೈಆಕ್ಸೈಡನ್ನು ಉಂಡು ಬೆಳೆಯುತ್ತವೆ, ಸಾಯುತ್ತವೆ, ಸತ್ತ ಮೇಲೆ ಒಂದಕ್ಕೊಂದು ಅಂಟಿಕೊಂಡು ಮೆಲ್ಲಗೆ ಕೆಳಗಿಳಿಯುತ್ತವೆ. ತಳ ಮುಟ್ಟಿದ್ದು ಅಲ್ಲೇ ಉಳಿಯಿತು, ಗಾಳಿಯ ಹೊರೆ ಅಷ್ಟು ಇಳಿಯಿತು. ಆದರೆ ದಾರಿಯಲ್ಲಿ ಕಾದು ಕೂತ ಬ್ಯಾಕ್ಟೀರಿಯಾಗಳು ಸುಮ್ಮನೆ ಬಿಡುತ್ತವೆಯೇ? ಇಳಿಯುವುದನ್ನು ಅಡ್ಡಗಟ್ಟಿ ತಿಂದು, ಉಸಿರಾಡಿ, ತಿಂದ ಇಂಗಾಲವನ್ನು ಮತ್ತೆ ನೀರಿಗೂ ಗಾಳಿಗೂ ವಾಪಸು ಕೊಡುತ್ತವೆ. ಮುಂದೊಂದು ದಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಎರಡು ಪಟ್ಟಾದರೆ ಈ ಹೊಟ್ಟೆಬಾಕರ ಹಸಿವು ಏರುತ್ತದೆಯೋ, ಇದ್ದ ಹಾಗೇ ಇರುತ್ತದೆಯೋ? ಅತ್ತೆ ಹರೆಯದಲ್ಲಿ ಹಿಡಿದ ಪ್ರಶ್ನೆ ಅದು.

ಅದಕ್ಕಾಗಿ ಅವರು ತಮ್ಮ ಲ್ಯಾಬಿನ ಒಂದು ಪುಟ್ಟ ಕೋಣೆಯಲ್ಲಿ ಸಮುದ್ರದ ನೀರಿನ ಬಾಟಲಿಗಳನ್ನು ಎರಡು ಸಾಲಾಗಿ ಜೋಡಿಸಿದರು. ಒಂದು ಸಾಲಿನ ಬಾಟಲಿಗಳಿಗೆ ಪಂಪಿನಿಂದ ಗಾಳಿ ಗುಳುಗುಳು ಹಾಯುತ್ತಿತ್ತು. ಅದು ‘ಇಂದಿನ ಗಾಳಿ’. ಇನ್ನೊಂದು ಸಾಲಿಗೆ ಸಿಲಿಂಡರಿನಿಂದ ಕಾರ್ಬನ್ ಡೈಆಕ್ಸೈಡ್ ಬೆರೆಸಿದ ಗಾಳಿ. ಅದು ‘ನಾಳೆಯ ಗಾಳಿ’. ತಿಂಗಳುಗಟ್ಟಲೆ ನೋಡಿ, ತೂಗಿ, ಅತ್ತೆ ಹೇಳಿದ್ದು ಒಂದೇ ವಾಕ್ಯ: ಎರಡೂ ಸಾಲುಗಳಲ್ಲಿ ತಳಕ್ಕೆ ಬಿದ್ದ ಗಷ್ಟು ಒಂದೇ ತೂಕ, ಗಾಳಿ ಬದಲಾದರೂ ಕಡಲಿನ ಸೂಕ್ಷ್ಮಜೀವಿಗಳ ಕೆಲಸ ಬದಲಾಗದು. ಆ ವಾಕ್ಯ ಪಠ್ಯಪುಸ್ತಕ ಸೇರಿತು. ಹೊಗೆ ಉಗುಳುವವರೆಲ್ಲ ಅದನ್ನೇ ಹಾಸಿಕೊಂಡು, ಅದನ್ನೇ ಹೊದ್ದುಕೊಂಡು ನೆಮ್ಮದಿಯಾಗಿ ಮಲಗಿದರು.

ಸೊಸೆ ಅದೇ ಲ್ಯಾಬಿನ ಹೊಸ ಕೋಣೆಯಲ್ಲಿ ಅದೇ ಪ್ರಯೋಗ ಮಾಡಿದಳು. ಅತ್ತೆಯ ಮಾತಿಗೆ ಇನ್ನೊಂದು ಸಾಕ್ಷಿ ಸಿಗಲಿ ಎಂಬ ಆಸೆಯಿಂದಲೇ ಶುರುಮಾಡಿದ್ದು. ಆದರೆ ಅವಳ ನಾಳೆಯ ಸಾಲಿನಲ್ಲಿ ತಳಕ್ಕೆ ಬೀಳುವ ಗಷ್ಟು ಕಡಿಮೆಯಾಯಿತು. ತಿನ್ನುವವರು ಹೆಚ್ಚು ತಿಂದಿದ್ದರು. ಮತ್ತೆ ಮಾಡಿದಳು. ಮತ್ತೂ ಹಾಗೇ. ಬಾಟಲಿ ಬದಲಾಯಿಸಿದಳು, ತಕ್ಕಡಿ ಬದಲಾಯಿಸಿದಳು, ಬೇರೆ ಕಡೆಯ ನೀರು ತರಿಸಿದಳು. ಉತ್ತರ ಜಪ್ಪಯ್ಯ ಎಂದರೂ ಬದಲಾಗಲಿಲ್ಲ.

ಲ್ಯಾಬಿನ ನಿರ್ದೇಶಕ ಅವಳ ಹಾಳೆಗಳನ್ನು ತಿರುವಿ ಹಾಕಿ ನಕ್ಕಿದ್ದ. “ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ನಿಮ್ಮ ಕಾಲ ಇನ್ನೂ ಬಂದಿಲ್ಲ ಕಣಮ್ಮ.” ಆಮೇಲೆ ನಗು ನುಂಗಿಕೊಂಡು ಹೇಳಿದ್ದ: ಇತ್ಯರ್ಥವಾದ ಪ್ರಶ್ನೆಗೆ ಇನ್ನೂ ಕೋಣೆ, ಕರೆಂಟು ದಂಡ ಮಾಡಲಾಗದು. ಲ್ಯಾಬಿನಲ್ಲಿ ನಡೆಯಲಿರುವ ಅತ್ತೆಯ ಸನ್ಮಾನದ ದಿನವೇ ಅದನ್ನು ಸಭೆಯಲ್ಲಿ ಹೇಳಿಬಿಡುತ್ತೇನೆ. ಮಾರನೆಯ ದಿನ ಬಾಟಲಿಗಳು ಮೋರಿಗೆ. ಹಳೆಯ ಉತ್ತರ ಎಲ್ಲಿ ತಪ್ಪಿದೆ ಎಂದು ಬೆರಳಿಟ್ಟು ತೋರಿಸಿದರೆ ಮಾತು ಬೇರೆ.

ಬೆರಳಿಡಲು ಜಾಗವೇ ಸಿಕ್ಕಿರಲಿಲ್ಲ. ಅತ್ತೆಯ ಕೆಲಸ ಅಷ್ಟು ಅಚ್ಚುಕಟ್ಟು. ಅತ್ತೆಯೂ ಊಟದ ಹೊತ್ತಿಗೆ ಅವಳ ಅಂಕಿಗಳನ್ನು ಕೇಳಿ, ಅವಳ ತಟ್ಟೆಗೆ ಇನ್ನಷ್ಟು ಬಡಿಸುತ್ತ ಅಂದಿದ್ದರು, “ಕೈ ಸರಿಯಾಗಿ ತೊಳ್ಕೊಂಡು ಇನ್ನೊಂದ್ಸಲ ಮಾಡು. ಎಲ್ಲೋ ಗಲೀಜು ಸೇರಿದೆ.” ಮಾತು ಮೆತ್ತಗಿತ್ತು, ಆದರೆ ಸೊಸೆಗೆ ನಾಟಿತ್ತು.

ಸನ್ಮಾನದ ದಿನ ಬಂದೇ ಬಂತು.

ಬೆಳಿಗ್ಗೆ ಅಡುಗೆಮನೆಯಲ್ಲಿ ಅತ್ತೆ ಭಾಷಣದ ತಾಲೀಮು ನಡೆಸಿದ್ದರು. ಕೇಳುಗರು ಇಬ್ಬರೇ. ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದ ಸೊಸೆ, ಅಮ್ಮನ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದ ಮಗ. ಮಗ ಈಜು ಕಲಿಸುವ ಮಾಸ್ತರ. ಕೊಳದ ಆ ತುದಿಗೆ ಕೇಳಲಿ ಎಂದು ಕೂಗಿ ಕೂಗಿ, ಮನೆಯಲ್ಲಿ ಉಪ್ಪು ಕೇಳಿದರೂ ಬೀದಿಗೆ ಕೇಳುತ್ತಿತ್ತು.

“ಕೊನೇಲಿ ಇವನ ವಿಷಯ ಹೇಳಿ ಎಲ್ಲರನ್ನೂ ನಗಿಸ್ತೀನಿ,” ಅಂದರು ಅತ್ತೆ.

“ಅಮ್ಮಾ, ಅಷ್ಟು ಜನರ ಮುಂದೆ ನನ್ನ ಮಾನ ತೆಗೀಬೇಡ!”

“ನಿನಗೆ ಆಗ ಹಲ್ಲೇ ಬಂದಿರ್ಲಿಲ್ಲ, ಮಾನ ಎಲ್ಲಿಂದ ಬರ್ಬೇಕು?”

ಅವನು ಲ್ಯಾಬಿನಲ್ಲೇ ಬೆಳೆದವನು ಎಂಬುದು ಆ ಮನೆಯ ಹಳೆಯ ತಮಾಷೆ. ಸೊಸೆ ಮದುವೆಯಾದಾಗಿನಿಂದ ಕೇಳಿದ್ದಳು. ಲ್ಯಾಬಿನಲ್ಲಿ ಎಂದರೆ ಅತ್ತೆಯ ಮೇಜಿನ ಪಕ್ಕದಲ್ಲೋ ಜಗಲಿಯಲ್ಲೋ ಇರಬೇಕು ಎಂದುಕೊಂಡಿದ್ದಳೇ ಹೊರತು, ಎಲ್ಲಿ ಎಂದು ಕೇಳಿರಲಿಲ್ಲ. ಆಡಿ ಆಡಿ ಸವೆದ ಮಾತನ್ನು ಯಾರು ತಿರುಗಿಸಿ ನೋಡುತ್ತಾರೆ?

ಅತ್ತೆ ಎದ್ದು ನಿಂತು, ಸಭೆ ಎದುರಿಗಿದೆ ಎಂಬಂತೆ ಕತ್ತೆತ್ತಿದರು. “ಆಗಿನ ನಿರ್ದೇಶಕರು ಕಡ್ಡಿ ಮುರಿದ ಹಾಗೆ ಹೇಳಿದ್ರು. ಕೂಸನ್ನ ಕಟ್ಟಡದೊಳಗೆ ತರೋ ಹಾಗಿಲ್ಲ, ಕೂಸು ಬೇಕೋ ಕೆಲಸ ಬೇಕೋ ಆರಿಸ್ಕೊಳ್ಳಿ ಅಂತ. ನಾನು ಎರಡೂ ಬೇಕು ಅಂದೆ, ಬಾಯಲ್ಲಲ್ಲ, ಮನಸ್ಸಲ್ಲಿ. ಬಾಟಲಿ ಕೋಣೆಗೆ ನನ್ನ ಬಿಟ್ಟು ಯಾರೂ ಕಾಲಿಡೋ ಹಾಗಿರ್ಲಿಲ್ಲ. ಹಿಂಬಾಗಿಲಿಂದ ತಂದು ಅಲ್ಲೇ ಮಲಗಿಸಿದೆ. ನಡೆಯೋಕೆ ಕಲಿಯೋವರೆಗೂ ಪಂಪಿನ ಗುಂಯ್ ಅನ್ನೋ ಸದ್ದೇ ಇವನಿಗೆ ಜೋಗುಳ.”

ಮಗ ಹೋ ಎಂದು ನಕ್ಕ. ಸೊಸೆಯ ಕೈಯಲ್ಲಿದ್ದ ಚಾಕು ಬೆಣ್ಣೆಯಲ್ಲೇ ನಿಂತಿತು.

“ಅತ್ತೆ, ನೀವೂ ಅಲ್ಲೇ ಇರ್ತಿದ್ರಾ?”

“ಮತ್ತೆ? ಕೂಸನ್ನ ಒಂದನ್ನೇ ಬಿಟ್ಟು ಹೋಗೋಕಾಗುತ್ತಾ? ಓದೋದು, ಬರೆಯೋದು, ಹಾಲು ಕುಡಿಸೋದು ಎಲ್ಲ ಅಲ್ಲೇ.”

“ಬಾಗಿಲು?”

“ಮುಚ್ಚಿರ್ತಿತ್ತು. ಇವನ ಗಂಟಲು ಆಗಲೂ ಹೀಗೇ. ತೆರೆದಿಟ್ರೆ ಆ ನಿರ್ದೇಶಕರ ಕಿವಿಗೇ ಬೀಳೋದು.”

ಸೊಸೆ ನೀರು ಕುಡಿದಳು. ಇನ್ನೊಂದೇ ಪ್ರಶ್ನೆ ಉಳಿದಿತ್ತು. ಅದನ್ನು ಕೇಳಬೇಡ ಎಂದು ಮನಸ್ಸು ಬಡಿದುಕೊಂಡಿತು. ಕೇಳಿದಳು.

“ಪಂಪು ಗಾಳಿ ಎಳೀತಿದ್ದ ಕೊಳವೆಯ ಬಾಯಿ ಎಲ್ಲಿತ್ತು, ಅತ್ತೆ?”

“ಒಳಗೇ. ಹೊರಗೆ ಜನರೇಟರಿನ ಹೊಗೆ ಇತ್ತಲ್ಲ, ಅದು ಬಾಟಲಿಗೆ ಸೇರದಿರಲಿ ಅಂತ ನಾನೇ ಒಳಗೆ ತಿರುಗಿಸಿದ್ದೆ. ಯಾಕೆ?”

“ಸುಮ್ನೆ,” ಅಂದಳು ಸೊಸೆ. ಅರ್ಧ ತಿಂದ ಬ್ರೆಡ್ಡನ್ನು ಅಲ್ಲೇ ಬಿಟ್ಟು, ಕೆಲಸವಿದೆ ಎಂದು ಹೊರಟಳು.

ದಾರಿಯುದ್ದಕ್ಕೂ ಅವಳು ಅದನ್ನೇ ಲೆಕ್ಕ ಹಾಕಿದಳು. ಮನುಷ್ಯರು ಉಸಿರಾಡುತ್ತಾರೆ. ಇಷ್ಟು ಸಣ್ಣ ಮಾತು. ಮುಚ್ಚಿದ ಪುಟ್ಟ ಕೋಣೆಯಲ್ಲಿ ತಾಯಿ ಮಗು ದಿನವಿಡೀ ಉಸಿರಾಡಿದರೆ ಅಲ್ಲಿನ ಗಾಳಿ ಇಂದಿನ ಗಾಳಿಯಾಗಿ ಉಳಿಯುವುದಿಲ್ಲ. ಪಂಪು ಅದನ್ನೇ ಎಳೆದು ಬಾಟಲಿಗೆ ಊದುತ್ತಿತ್ತು. ಹಾಗಾದರೆ ಎರಡು ಸಾಲಿಗೂ ಹೋದದ್ದು ನಾಳೆಯ ಗಾಳಿಯೇ! ಎರಡೂ ಒಂದೇ ತೂಕ ಬರದೆ ಇನ್ನೇನು ಬಂದೀತು? ಇಂದಿನ ಗಾಳಿಯ ಸಾಲು ಎಂಬುದು ಆ ಕೋಣೆಯಲ್ಲಿ ಇರಲೇ ಇಲ್ಲ.

ಹೇಳಿದರೆ ಅತ್ತೆಯ ಬಾಳಿನ ಕೆಲಸ ಅವರ ಸನ್ಮಾನದ ದಿನವೇ ಕುಸಿಯುತ್ತದೆ. ಹೇಳದಿದ್ದರೆ ನಾಳೆ ಬಾಟಲಿಗಳು ಮೋರಿಗೆ ಹೋಗುತ್ತವೆ, ಸುಳ್ಳು ವಾಕ್ಯ ಪುಸ್ತಕದಲ್ಲಿ ಗಟ್ಟಿಯಾಗಿ ಕೂರುತ್ತದೆ. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಹಳೆಯ ಬಾಟಲಿ ಕೋಣೆ ಈಗ ಉಗ್ರಾಣ. ಮುರಿದ ಕುರ್ಚಿ, ಸುತ್ತಿಟ್ಟ ಪೈಪು, ಖಾಲಿ ಡಬ್ಬ. ಗೋಡೆಯ ಮೇಲೆ ಎರಡು ಉದ್ದನೆಯ ಹಲಗೆಗಳು ಮಾತ್ರ ಇನ್ನೂ ಇದ್ದವು. ಒಂದು ಸಾಲಿಗೆ ಒಂದು. ಸೊಸೆ ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡ್ ತೋರಿಸುವ ಕೈಮೀಟರನ್ನು ಕೆಳಗಿನ ಹಲಗೆಯ ಮೇಲಿಟ್ಟಳು. ಬಾಗಿಲು ತೆರೆದಿದ್ದಾಗ ಅದು ಹತ್ತು ಲಕ್ಷ ಪಾಲಿಗೆ ನಾನೂರು ಚಿಲ್ಲರೆ ತೋರಿಸುತ್ತಿತ್ತು, ಹೊರಗಿನ ಗಾಳಿಯಷ್ಟೇ. ಬಾಗಿಲು ಮುಚ್ಚಿ, ಮುರುಕು ಕುರ್ಚಿಯಲ್ಲಿ ಕೂತಳು.

ಅಂಕಿ ಏರದಿರಲಿ ಎಂದು ಅವಳು ನಿಜವಾಗಿಯೂ ಹಾರೈಸಿದಳು. ತನ್ನದೇ ತಪ್ಪಾಗಲಿ, ತನ್ನ ಕೈಯೇ ಗಲೀಜಾಗಿರಲಿ, ಅತ್ತೆ ಗೆಲ್ಲಲಿ. ಒಮ್ಮೆ ಉಸಿರನ್ನೂ ಬಿಗಿಹಿಡಿದಳು. ಎಷ್ಟು ಹೊತ್ತು ಹಿಡಿದಾಳು? ಅಂಕಿ ಏರತೊಡಗಿತು. ಐನೂರು ದಾಟಿತು, ಆರುನೂರು ದಾಟಿತು. ಅವಳು ಕೂತೇ ಇದ್ದಳು, ಅದು ಏರುತ್ತಲೇ ಇತ್ತು. ಕಣ್ಣಲ್ಲಿ ನೀರು ತುಂಬಿದ್ದರಿಂದ ಕೊನೆಕೊನೆಗೆ ಅಂಕಿ ಸರಿಯಾಗಿ ಕಾಣಲಿಲ್ಲ.

ಬಾಗಿಲು ತೆರೆಯಿತು. ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಹೆಗಲಿಗೆ ಚೀಲ ಹಾಕಿಕೊಂಡು ಅತ್ತೆ ನಿಂತಿದ್ದರು.

“ನೀನು ಪಂಪಿನ ವಿಷಯ ಕೇಳಿ ಸುಮ್ನೆ ಅಂದ್ಯಲ್ಲ, ಆಗಲೇ ಅಂದ್ಕೊಂಡೆ. ನೀನು ಸುಮ್ಮಸುಮ್ಮನೆ ಏನನ್ನೂ ಕೇಳೋಳಲ್ಲ. ಏನಿದು?”

ಸೊಸೆ ಎದ್ದು ನಿಂತಳು. ಮೀಟರಿನ ಕಡೆ ಕೈ ತೋರಿಸಿದಳು.

ಅತ್ತೆ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಹಲಗೆ ನೋಡಿದರು. ಪಂಪು ಇದ್ದ ಮೂಲೆ ನೋಡಿದರು. ಆಮೇಲೆ ಬಾಗಿಲನ್ನು ತಾವೇ ಮುಚ್ಚಿದರು.

“ನಾನು ದಿನಾ ಅಳೀತಿದ್ದೆ,” ಅಂದರು. ದನಿ ಕಲ್ಲಿನಂತಿತ್ತು. “ಒಂದು ದಿನಾನೂ ತಪ್ಪಿಸಿಲ್ಲ. ಆ ಗಾಳಿ ಕರಗಿ ಎರಡೂ ಸಾಲಿನ ನೀರು ಎಷ್ಟು ಹುಳಿ ಆಗಿದೆ ಅಂತ ಅಳೀತಿದ್ದೆ. ಇಂದಿನ ಸಾಲು ಯಾವಾಗಲೂ ಸರಿಯಾಗೇ ಇತ್ತು.”

“ಯಾವಾಗ ಅಳೀತಿದ್ರಿ ಅತ್ತೆ?”

“ಬೆಳಿಗ್ಗೆ. ಬಾಗಿಲು ತೆಗೆದ ತಕ್ಷಣ. ಮೊದಲು ಅಳತೆ, ಆಮೇಲೆ ಬೇರೆ ಕೆಲಸ. ಅದು ನನ್ನ ಶಿಸ್ತು, ನಿನಗೂ ಅದನ್ನೇ ಕಲಿಸಿದ್ದು.”

“ಮಗುವನ್ನ ಒಳಗೆ ತರೋದು?”

“ಅಳತೆ ಮುಗಿದ...” ಅತ್ತೆ ಅಷ್ಟಕ್ಕೇ ನಿಂತರು.

ರಾತ್ರಿಯಿಡೀ ಕೋಣೆಯಲ್ಲಿ ಯಾರೂ ಇರುತ್ತಿರಲಿಲ್ಲ. ಸಂದುಗೊಂದುಗಳಿಂದ ಹೊಸ ಗಾಳಿ ನುಸುಳಿ ಕೋಣೆ ತಿಳಿಯಾಗುತ್ತಿತ್ತು, ಅದನ್ನೇ ಎಳೆದು ಪಂಪು ನೀರನ್ನೂ ತಿಳಿ ಮಾಡುತ್ತಿತ್ತು. ಬೆಳಿಗ್ಗೆಯ ಅಳತೆ ಸರಿಯಾಗದೆ ಏನು? ಆಮೇಲೆ ತಾಯಿ, ಮಗು, ಮುಚ್ಚಿದ ಬಾಗಿಲು. ದೀಪ ಉರಿದು ಪಾಚಿ ಬೆಳೆಯುತ್ತಿದ್ದದ್ದೂ ಆ ಹೊತ್ತಿನಲ್ಲೇ. ಸೋಮಾರಿಯಾಗಿದ್ದು ಯಾವತ್ತಾದರೂ ಮಧ್ಯಾಹ್ನ ಅಳೆದಿದ್ದರೂ ಗೊತ್ತಾಗಿಬಿಡುತ್ತಿತ್ತು. ಅತ್ತೆ ಒಂದು ದಿನವೂ ಸೋಮಾರಿಯಾಗಲಿಲ್ಲ.

ಅಷ್ಟರಲ್ಲಿ ಮಗ ಬಾಗಿಲು ನೂಕಿಕೊಂಡು ಬಂದ. “ಇಬ್ರೂ ಇಲ್ಲಿದ್ದೀರಾ! ಅಲ್ಲಿ ಹಾಲ್ ತುಂಬಿದೆ, ನಿರ್ದೇಶಕರು ಹುಡುಕ್ತಿದ್ದಾರೆ!” ಅಲ್ಲಿಂದ ಓಡಿ ಬಂದವನು ಏದುಸಿರು ಬಿಡುತ್ತ ಮೀಟರಿನ ಮೇಲೆಯೇ ಬಗ್ಗಿದ. “ಏನಿದು?” ಅಂಕಿ ಗಕ್ಕನೆ ಮೇಲೆ ಹಾರಿತು.

“ಇವನೇ ನೋಡು ಕಳ್ಳ,” ಅಂದರು ಅತ್ತೆ.

“ನಾನೇನ್ ಮಾಡ್ದೆ?” ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅವನು ಹಿಂದೆ ಸರಿದ. ಯಾರೂ ನಗಲಿಲ್ಲ. ಅಮ್ಮನ ಮುಖ ನೋಡಿ ಅವನ ದನಿಯೂ ಹುಟ್ಟಿದಾಗಿನಿಂದ ಮೊದಲ ಬಾರಿಗೆ ತಗ್ಗಿತು. “ರೀ, ಹೊರಗಿರ್ತೀರಾ ಸ್ವಲ್ಪ,” ಎಂದು ಹೆಂಡತಿ ಹೇಳಿದ್ದಕ್ಕೆ ಹೊರಗೆ ಹೋಗಿ ನಿಂತ.

“ಇವತ್ತೇ ಹೇಳ್ಬೇಕಾಗಿತ್ತಾ?” ಅತ್ತೆ ಕೇಳಿದರು. “ನಾಳೆ ಹೇಳಿದ್ರೆ ಗಂಟೇನು ಹೋಗ್ತಿತ್ತು?”

“ನಾಳೆ ನನ್ನ ಬಾಟಲಿಗಳು ಮೋರೀಲಿರ್ತವೆ ಅತ್ತೆ.”

“ನಿನ್ನ ಬಾಟಲಿ! ನಿನ್ನ ಬಾಟಲಿ ಉಳೀಬೇಕು, ನಾನು ಆ ವೇದಿಕೆ ಮೇಲೆ ಮಣ್ಣು ತಿನ್ನಬೇಕು.” ಕನ್ನಡಕ ತೆಗೆದರು, ಮತ್ತೆ ಹಾಕಿದರು. “ತಪ್ಪಾದ್ರೆ ಆಗ್ಲಿ, ಯಾರು ತಪ್ಪು ಮಾಡಲ್ಲ? ನನ್ನ ಹೊಟ್ಟೆ ಉರಿಯೋದು ಅದಕ್ಕಲ್ಲ ಕಣೇ. ಕೂಸು ಬೇಕೋ ಕೆಲಸ ಬೇಕೋ ಅಂದನಲ್ಲ ಆ ಮನುಷ್ಯ, ಕೂಸಿರೋ ಹೆಂಗಸಿನ ಕೈಲಿ ಕೆಲಸ ಕೆಡುತ್ತೆ ಅಂದನಲ್ಲ! ಕೆಟ್ಟಿಲ್ಲ ಅಂತ ತೋರಿಸ್ದೆ ಅಂದ್ಕೊಂಡು ಇಷ್ಟು ವರ್ಷ ತಲೆಯೆತ್ತಿ ನಡೆದೆ. ಅವನು ಸತ್ತ ಮೇಲೆ ಅವನ ಮಾತನ್ನ ನಾನೇ ನಿಜ ಮಾಡಿಕೊಡ್ಲಾ?”

ಸೊಸೆಗೆ ಅತ್ತೆಯ ಕೈ ಹಿಡಿಯಬೇಕೆನಿಸಿತು, ಹಿಡಿಯುವ ಧೈರ್ಯವಾಗಲಿಲ್ಲ. “ಕೊಳವೆಯ ಬಾಯಿ ಒಳಗಿದ್ದಿದ್ದು ತಪ್ಪು, ಅತ್ತೆ,” ಅಂದಳು. “ಕೂಸು ಒಳಗಿದ್ದಿದ್ದಲ್ಲ. ಕೂಸಿನ ಜಾಗದಲ್ಲಿ ಆ ನಿರ್ದೇಶಕರೇ ಬಂದು ಕುರ್ಚಿ ಹಾಕ್ಕೊಂಡು ಕೂತಿದ್ರೂ ಅಂಕಿ ಏರೋದೇ. ಇನ್ನೂ ಜಾಸ್ತಿ ಏರ್ತಿತ್ತು, ಅಷ್ಟು ಮಾತಾಡೋರಂತಲ್ಲ.”

ಅತ್ತೆ ನಗಲಿಲ್ಲ. ಸೊಸೆಯನ್ನೇ ನೋಡಿದರು. ಆಮೇಲೆ ಹಲಗೆಯ ಮೇಲಿಂದ ಮೀಟರನ್ನು ತೆಗೆದು ಚೀಲಕ್ಕೆ ಹಾಕಿಕೊಂಡು ಹೊರಟುಹೋದರು.

ಸೊಸೆ ಅಲ್ಲೇ ನಿಂತಳು. ಇದ್ದ ಒಂದೇ ಸಾಕ್ಷಿಯೂ ಚೀಲ ಸೇರಿತು.

ಸಭೆಯ ಹಾಲ್ ಕಿಕ್ಕಿರಿದಿತ್ತು. ಎ.ಸಿ. ಹಾಕಿ ಕಿಟಕಿ ಬಾಗಿಲುಗಳನ್ನೆಲ್ಲ ಭದ್ರವಾಗಿ ಮುಚ್ಚಿದ್ದರು. ಸೊಸೆಗೆ ಹಿಂದಿನ ಸಾಲಿನಲ್ಲಿ ಜಾಗ ಸಿಕ್ಕಿತು. ಗಂಡ ಜಾಗ ಸಿಗದೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ನಿರ್ದೇಶಕ ಅತ್ತೆಯನ್ನು ಬಾಯ್ತುಂಬ ಹೊಗಳಿದ. ಗಾಳಿ ಬದಲಾದರೂ ಕಡಲು ಬದಲಾಗದು ಎಂದು ಜಗತ್ತಿಗೆ ಧೈರ್ಯ ಹೇಳಿದ ಮಹಾತಾಯಿ ಅಂದ. ಆ ಪ್ರಶ್ನೆ ಇಂದಿಗೆ ಮುಗಿಯಿತು, ಅದರ ಮೇಲಿನ ಕೆಲಸವನ್ನು ನಾಳೆಯಿಂದ ನಿಲ್ಲಿಸುತ್ತಿದ್ದೇವೆ ಎಂದೂ ಅಂದ. ಜನ ಚಪ್ಪಾಳೆ ತಟ್ಟಿದರು. ಸೊಸೆಯ ಪಕ್ಕದಲ್ಲಿದ್ದವರು ಅವಳತ್ತ ಕನಿಕರದಿಂದ ನೋಡಿದರು. ಅವಳು ನೆಲ ನೋಡುತ್ತ ಕೂತಳು.

ಅತ್ತೆ ಎದ್ದು ಬಂದರು. ಬೆಳಿಗ್ಗೆಯ ತಾಲೀಮಿನ ಮೊದಲರ್ಧವನ್ನು ಪೂರ್ತಿ ಬಿಟ್ಟು ಸೀದಾ ಕೂಸಿನ ಕಥೆಗೇ ಬಂದರು. ಹಿಂಬಾಗಿಲು, ಮುಚ್ಚಿದ ಕೋಣೆ, ಪಂಪಿನ ಜೋಗುಳ. ಜನ ಬಿದ್ದು ಬಿದ್ದು ನಕ್ಕರು. ನಿರ್ದೇಶಕ ಕಣ್ಣೊರೆಸಿಕೊಂಡು ನಕ್ಕ. ಸೊಸೆ ತಲೆಯೆತ್ತಿದಳು. ಅತ್ತೆ ಅದನ್ನು ತಮಾಷೆ ಮಾಡಿ ಮುಗಿಸಿಬಿಡುತ್ತಾರೆ. ಒಮ್ಮೆ ನಕ್ಕುಬಿಟ್ಟ ಮಾತನ್ನು ಆಮೇಲೆ ತಪ್ಪು ಎಂದರೆ ಯಾರು ನಂಬುತ್ತಾರೆ? ಎದ್ದು ನಿಂತು ಕೂಗಿಬಿಡಲೇ ಅನ್ನಿಸಿತು. ಕುರ್ಚಿಯ ಅಂಚು ಹಿಡಿದು ಕೂತಳು.

ನಗು ಇಳಿಯುವವರೆಗೆ ಕಾದು ಅತ್ತೆ ಚೀಲಕ್ಕೆ ಕೈ ಹಾಕಿದರು. ಮೀಟರನ್ನು ಹೊರಗೆ ತೆಗೆದು ಮೈಕಿನ ಪಕ್ಕ ಇಟ್ಟರು.

“ನೀವು ನಕ್ಕಿದ್ದೀರಿ, ಈಗ ಕೇಳಿ,” ಅಂದರು. “ಇದು ಗಾಳೀಲಿರೋ ಕಾರ್ಬನ್ ಡೈಆಕ್ಸೈಡ್ ಅಳೆಯೋ ಮೀಟರು. ಹೊರಗೆ ಬೀದೀಲಿ ನಾನೂರು ಚಿಲ್ಲರೆ ಇರುತ್ತೆ. ಈ ಹಾಲಿನಲ್ಲಿ ಈಗ ಸಾವಿರದ ಇನ್ನೂರು ದಾಟಿದೆ. ನಾನು ‘ನಾಳೆಯ ಗಾಳಿ’ ಅಂತ ಸಿಲಿಂಡರಿನಿಂದ ಬಿಡ್ತಿದ್ದದ್ದು ಇದಕ್ಕಿಂತ ಕಡಿಮೆ. ಯಾರು ಮಾಡಿದ್ದು? ನೀವೇ, ಸುಮ್ನೆ ಕೂತು ಉಸಿರಾಡಿ.”

ಮುಂದಿನ ಸಾಲಿನವರು ಕತ್ತು ಚಾಚಿ ಮೀಟರು ನೋಡಿದರು. ಅತ್ತೆ ಮುಂದುವರಿಸಿದರು.

“ನನ್ನ ಬಾಟಲಿ ಕೋಣೇನೂ ಹೀಗೇ ಮುಚ್ಚಿತ್ತು. ನಾನಿದ್ದೆ, ನನ್ನ ಕೂಸಿತ್ತು. ಪಂಪಿನ ಬಾಯಿ ಒಳಗಿತ್ತು. ಇಂತಾ ಗಾಳೀನ ನಾನು ‘ಇಂದಿನ ಗಾಳಿ’ ಅಂತ ಬರೆದೆ. ಎರಡು ಸಾಲಿಗೂ ಒಂದೇ ಗಾಳಿ ಕೊಟ್ಟು, ನೋಡಿ ವ್ಯತ್ಯಾಸವೇ ಇಲ್ಲ ಅಂತ ನಿಮ್ಮನ್ನೆಲ್ಲ ಮಲಗಿಸಿದೆ. ಕೂಸು ಮಾಡಿದ ತಪ್ಪಲ್ಲ ಇದು, ಕೊಳವೇನ ಅಲ್ಲಿಟ್ಟ ನನ್ನದು. ಬಾಟಲಿಯೇ ಸಮುದ್ರ ಅಂತ ನಾನು ಈಗಲೂ ಹೇಳಲ್ಲ. ಆದ್ರೆ ಪ್ರಶ್ನೆ ಮುಗಿದಿಲ್ಲ.”

ನಿರ್ದೇಶಕ ಅರ್ಧ ಎದ್ದ, ಮತ್ತೆ ಕೂತ. ಅತ್ತೆ ಅವನ ಕಡೆ ತಿರುಗಿದರು.

“ನನ್ನ ಸೊಸೆಯ ಬಾಟಲಿಗಳನ್ನ ಯಾರೂ ಮುಟ್ಟೋ ಹಾಗಿಲ್ಲ. ಅವಳ ಕೋಣೇಲಿ ಯಾರೂ ಕೂರಲ್ಲ, ಅವಳ ಪಂಪಿನ ಬಾಯಿ ಚಾವಣಿ ಮೇಲಿದೆ. ಕೈ ತೊಳ್ಕೊಂಡು ಮತ್ತೆ ಮಾಡು ಅಂದಿದ್ದೆ ಅವಳಿಗೆ.” ಜನರ ನಡುವೆ ಸೊಸೆಯನ್ನು ಹುಡುಕಿ ನೋಡಿದರು. “ಅವಳ ಕೈ ಶುದ್ಧವಾಗಿತ್ತು.”

ಹಿಂದಿನ ಸಾಲಿನಲ್ಲಿ ಸೊಸೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

“ಬಾಗಿಲು ತೆಗೆಯೋ,” ಅಂದರು ಅತ್ತೆ, ಮೈಕು ಬಿಟ್ಟು, ಮನೆಯ ದನಿಯಲ್ಲಿ.

ಮಗ ಹಿಂದೆ ತಿರುಗಿ ಎರಡೂ ಕದಗಳನ್ನು ತೆರೆದ, ಗೋಡೆ ಬದಿಯವರು ಕಿಟಕಿಗಳನ್ನೂ ತೆರೆದರು. ಬೀದಿಯ ಗಾಳಿ ಒಳಗೆ ಬಂತು, ಬಸ್ಸಿನ ಸದ್ದೂ ಬಂತು. ಮೀಟರಿನ ಅಂಕಿ ಪೂರ್ತಿ ಇಳಿದು ನಾನೂರರ ಹತ್ತಿರ ಬರುವವರೆಗೂ ಅತ್ತೆ ವೇದಿಕೆಯ ಮೇಲೆ ನಿಂತೇ ಇದ್ದರು. ಸಭೆಯಲ್ಲಿ ಒಬ್ಬರೂ ಎದ್ದು ಹೋಗಲಿಲ್ಲ.